ಅಪ್ಪನ ಪಾಲಿನ ಸಿಗರೇಟು

ಕೀಲುಂಗ್ ಬಂದರಿನ ಹಿಂದಿನ ಗುಡ್ಡದ ಮೇಲೆ ಲಿಫ್ಟ್ ಇಲ್ಲದ ಐದು ಮಹಡಿಯ ಹಳೇ ಕಟ್ಟಡಗಳು ಸಾಲಾಗಿ ನಿಂತಿವೆ. ಅವುಗಳಿಗೆಲ್ಲ ಗ್ಯಾಸ್ ಸಿಲಿಂಡರ್ ಹೊರುವವನು ಲಿಯಾವ್ ಚಿಂಗ್‌ಫಾ. ಪೂರ್ತಿ ಹೆಸರು ಹಿಡಿದು ಅವನನ್ನು ಕರೆದವರು ಇಸ್ಕೂಲಿನ ಮೇಷ್ಟರು ಒಬ್ಬರೇ, ಅದೂ ಬೈಯುವುದಕ್ಕೆ. ಮಿಕ್ಕವರಿಗೆಲ್ಲ ಅವನು ಆಫಾ. ವಯಸ್ಸು ನಲವತ್ತೆಂಟು, ತೂಕ ಎಂಬತ್ತನಾಲ್ಕು ಕಿಲೋ, ದಿನಕ್ಕೆ ಒಂದು ಪ್ಯಾಕ್ ಸಿಗರೇಟು. ಅವನ ಅಪ್ಪನೂ ಅದೇ ಅಂಗಡಿಯಲ್ಲಿ ಅದೇ ಕೆಲಸ ಮಾಡಿ, ಅದೇ ಸಿಗರೇಟು ಸೇದಿ, ಮೂರು ವರ್ಷದ ಹಿಂದೆ ಕೆಮ್ಮಿ ಕೆಮ್ಮಿ ತೀರಿಕೊಂಡಿದ್ದ.

ಹೊಸ ವರ್ಷದ ರಜೆ ಮುಗಿದ ಮೂರನೇ ದಿನ ಆಫಾ ಐದನೇ ಮಹಡಿಯ ವೆಂಗ್ ಅಜ್ಜಿಯ ಮನೆಗೆ ತುಂಬಿದ ಸಿಲಿಂಡರ್ ಹೊತ್ತು ಹೊರಟ. ಮೂವತ್ತಾರು ಕಿಲೋ. ಮೂರನೇ ಮಹಡಿಯಲ್ಲಿ ಉಸಿರು ಕೈಕೊಟ್ಟಿತು. ಸಿಲಿಂಡರ್ ಕೆಳಗಿಟ್ಟ. ಕೂರಲು ಬೇರೆ ಏನೂ ಇರಲಿಲ್ಲ, ಅದರ ಮೇಲೇ ಕೂತ. ಕೂತ ಮೇಲೆ ಸುಮ್ಮನಿರುವುದು ಹೇಗೆ, ಒಂದು ಸಿಗರೇಟು ಹಚ್ಚಿದ. ಗ್ಯಾಸ್ ಸಿಲಿಂಡರ್ ಮೇಲೆ ಕೂತು ಸಿಗರೇಟು ಹಚ್ಚುವ ಬುದ್ಧಿವಂತನನ್ನು ನೀವು ಎಲ್ಲಾದರೂ ಕಂಡಿದ್ದರೆ ಹೇಳಿ, ನಾನಂತೂ ಕಂಡಿಲ್ಲ. ಆ ಹೊತ್ತಿಗೆ ಸರಿಯಾಗಿ ಮೂರನೇ ಮಹಡಿಯ ಟೀಚರಮ್ಮ ಬಾಗಿಲು ತೆಗೆದಳು. ಕಿರುಚಲಿಲ್ಲ, ಓಡಲಿಲ್ಲ. ಫೋನ್ ತೆಗೆದು ಒಂದು ಫೋಟೋ ಹೊಡೆದು ಬಾಗಿಲು ಹಾಕಿಕೊಂಡಳು. ಆಫಾ ಕೆಳಗಿಳಿದು ಬರುವಷ್ಟರಲ್ಲಿ ಗುಡ್ಡದ ಮೇಲಿನ ಎಲ್ಲ ಮನೆಯ ಫೋನಿನಲ್ಲೂ ಅವನ ಚಿತ್ರ ಬಂದಿತ್ತು.

ಗ್ಯಾಸ್ ಅಂಗಡಿಯ ಯಜಮಾನಿ ತಾವಕ್ಕನ ಫೋನಿಗೂ ಬಂದಿತ್ತು. ತಾವಕ್ಕ ಎಂದರೆ ಅಂಗಡಿ ಮುಂದಿನ ಬಿದಿರು ಕುರ್ಚಿಯಿಂದ ಹತ್ತು ವರ್ಷದಿಂದ ಏಳದ ಹೆಂಗಸು. ಫೋನು, ಟೀವಿ, ಕಡಲೆಕಾಯಿ ಮಿಠಾಯಿ ಎಲ್ಲವೂ ಕೈಗೆಟುಕುವಷ್ಟರಲ್ಲೇ ಇರುತ್ತಿದ್ದವು.

"ನೀನು ಹಾರಿಹೋದ್ರೆ ನನಗೇನೂ ಇಲ್ಲ ಕಣೋ," ಎಂದಳು ತಾವಕ್ಕ. "ನಿನ್ನ ಹೆಂಡ್ತಿ ಒಂದು ವಾರ ಅಳ್ತಾಳೆ, ಆಮೇಲೆ ಸುಧಾರಿಸ್ಕೋತಾಳೆ. ಆದ್ರೆ ಆ ಕಟ್ಟಡದ ಹತ್ತು ಮನೆಯವರೂ ನನ್ನ ಗಿರಾಕಿಗಳು."

"ಸಿಲಿಂಡರ್ ಮುಚ್ಚಳ ಭದ್ರವಾಗಿತ್ತು ಅಕ್ಕ."

"ನಿನ್ನ ತಲೇದು ಸಡ್ಲ ಆಗಿದೆ. ಕೇಳಿಲ್ಲಿ. ಸಮಾಧಿ ಗುಡಿಸೋ ಹಬ್ಬಕ್ಕೆ ಇನ್ನು ಎರಡು ತಿಂಗಳಿದೆ. ಹಬ್ಬದ ಹಿಂದಿನ ದಿನ ನೀನು ತುಂಬಿದ ಸಿಲಿಂಡರ್ ಹೊತ್ತು ವೆಂಗ್ ಅಜ್ಜಿ ಮನೆಗೆ ಹತ್ತಬೇಕು. ಮಧ್ಯದಲ್ಲಿ ಕೆಳಗಿಡೋ ಹಾಗಿಲ್ಲ, ಕೆಮ್ಮೋ ಹಾಗಿಲ್ಲ. ಒಂದು ಸಲ ಕೆಮ್ಮಿದ್ರೂ ನೀನು ಸಿಗರೇಟು ಬಿಟ್ಟಿಲ್ಲ ಅಂತ್ಲೇ ಲೆಕ್ಕ. ಅವತ್ತಿನಿಂದ ನನ್ನ ಮೈದುನ ಗ್ಯಾಸ್ ಗಾಡಿ ಓಡಿಸ್ತಾನೆ. ನೀನು ಇಲ್ಲಿ ಕೂತು ಫೋನ್ ಎತ್ತು."

ಆಫಾ ಆ ಬಿದಿರು ಕುರ್ಚಿಯನ್ನೊಮ್ಮೆ ನೋಡಿದ. ದಿನವಿಡೀ ತಾವಕ್ಕನ ಪಕ್ಕ ಕೂತು, ಅವಳ ಧಾರಾವಾಹಿ ನೋಡಿಕೊಂಡು, 'ಗ್ಯಾಸ್ ಇನ್ನೂ ಬಂದಿಲ್ಲ' ಎಂಬ ಬೈಗುಳ ಕೇಳುವುದೇ? ಅವನಿಗೆ ಓದು ಹತ್ತಿರಲಿಲ್ಲ, ಹಾಡು ಬರುತ್ತಿರಲಿಲ್ಲ, ಇಸ್ಪೀಟಿನಲ್ಲಿ ಗೆದ್ದದ್ದಿಲ್ಲ. ಆದರೆ ಸಿಲಿಂಡರ್ ಹೆಗಲಿಗೇರಿಸಿದರೆ ಲಿಯಾವ್ ಮನೆಯವರ ಹಾಗೆ ಏರಿಸಬೇಕು ಎಂದು ಊರು ಹೇಳುತ್ತಿತ್ತು. ಅವನಿಗೆ ಇದ್ದ ಜಂಬ ಅದೊಂದೇ. ಅದನ್ನು ಆ ಮೈದುನನಿಗೆ ಬಿಟ್ಟುಕೊಡುವುದೆಂದರೆ ಅವನಿಗೆ ಅನ್ನ ಇಳಿಯುವಂತಿರಲಿಲ್ಲ.

ಅನ್ನ ಇಳಿಯದೇ ಇದ್ದದ್ದು ಅವತ್ತೊಂದು ದಿನ ಮಾತ್ರ. ಮಾರನೇ ದಿನದಿಂದ ಸಿಗರೇಟು ನಿಂತಿತು, ಬಾಯಿ ನಿಲ್ಲಲಿಲ್ಲ. ಗಾಡಿಯಲ್ಲಿ ಒಣ ಸೂರ್ಯಕಾಂತಿ ಬೀಜ, ಜೇಬಿನಲ್ಲಿ ಒಣಗಿಸಿದ ಸ್ಕ್ವಿಡ್ ಮೀನು, ಮಹಡಿಗೊಂದು ಅನಾನಸ್ ಬಿಸ್ಕತ್ತು. ಮೊದಲು ಸಿಗರೇಟಿಗೆಂದು ನಿಲ್ಲುತ್ತಿದ್ದ ಕಡೆಯಲ್ಲೆಲ್ಲ ಈಗ ಸಾಸೇಜ್‌ಗೆಂದು ನಿಲ್ಲತೊಡಗಿದ. ಆರೋಗ್ಯ ಕೇಂದ್ರದ ಸಿಗರೇಟು ಬಿಡಿಸುವ ವಿಭಾಗಕ್ಕೆ ಹೆಂಡತಿ ಬಿಯುನ್ ಅವನ ಹೆಸರು ಬರೆಸಿದಳು. ಅಲ್ಲಿನ ನರ್ಸು ಕೊಳವೆಯೊಂದಕ್ಕೆ ಊದಿಸಿ, ಎದೆಯೊಳಗೆ ಎಷ್ಟು ಹೊಗೆಯಿದೆ ಎಂದು ಯಂತ್ರದಲ್ಲಿ ನೋಡಿ, "ಚೆನ್ನಾಗಿ ಇಳಿದಿದೆ" ಎಂದಳು. ಆಮೇಲೆ ತೂಕದ ಯಂತ್ರದ ಮೇಲೆ ನಿಲ್ಲಿಸಿ, "ಇದು ಚೆನ್ನಾಗಿ ಏರಿದೆ" ಎಂದಳು. ಎಂಬತ್ತೊಂಬತ್ತು.

ಆ ಸಂಜೆಯಿಂದ ಬಿಯುನ್ ಅಡಿಗೆಮನೆಗೆ ಬೀಗ ಹಾಕಿದ ಹಾಗೆಯೇ ಆಯಿತು. ಬೇಯಿಸಿದ ಸೊಪ್ಪು, ಸೀಬೆಕಾಯಿ, ಸಕ್ಕರೆಯಿಲ್ಲದ ಚಹಾ.

"ರೀ, ಮುಖ ಯಾಕೆ ಹಾಗೆ ಹಿಂಡ್ತೀರಿ? ಸೊಪ್ಪು ಒಳ್ಳೇದು."

"ಆಡಿಗೂ ಒಳ್ಳೇದು. ಆಡಿಗೆ ಸಿಲಿಂಡರ್ ಹೊರೋಕೆ ಯಾರೂ ಹೇಳಲ್ಲ."

ಸಿಗರೇಟೂ ಇಲ್ಲ, ಮಾಂಸವೂ ಇಲ್ಲ. ಹೀಗೆ ಹತ್ತು ದಿನ ಬದುಕಿದ. ಹನ್ನೊಂದನೇ ದಿನ ಬೆಳಿಗ್ಗೆ, ಮನೆಯ ಪೂಜೆ ಮೇಜಿನ ಮುಂದೆ ಊದುಬತ್ತಿ ಹಚ್ಚುತ್ತ, ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿದ. ಅಪ್ಪನ ತುಟಿ ಏನೋ ಕೇಳುವ ಹಾಗೆ ಸ್ವಲ್ಪ ತೆರೆದಿತ್ತು. ಆಫಾನಿಗೆ ಜ್ಞಾನೋದಯವಾಯಿತು.

ಸತ್ತವರಿಗೆ ಇಷ್ಟವಾದದ್ದನ್ನು ಎಡೆಯಿಡುವುದು ನಮ್ಮಲ್ಲಿ ಮನೆಮನೆಯ ರೂಢಿ. ಸೇದುವವರಾಗಿದ್ದರೆ ಊದುಬತ್ತಿಯ ಬೂದಿ ಕುಂಡದಲ್ಲಿ ಹಚ್ಚಿದ ಸಿಗರೇಟನ್ನೂ ಸಿಕ್ಕಿಸುತ್ತೇವೆ. ಅಪ್ಪನಿಗೆ ವರ್ಷಕ್ಕೆ ಎರಡು ಸಲ, ತಿಥಿಗೊಂದು ಹೊಸ ವರ್ಷಕ್ಕೊಂದು, ಅಷ್ಟೇ ಸಿಗುತ್ತಿತ್ತು. ಮಗನಿಗೆ ಈಗ ಅದು ಮಹಾ ಅನ್ಯಾಯವೆಂದು ಕಂಡಿತು. ಮೇಲಾಗಿ ಸಿಗರೇಟು ಊದುಬತ್ತಿಯ ಹಾಗಲ್ಲ. ಬೆಂಕಿ ತಾಗಿಸಿದರೆ ಸಾಲದು, ಯಾರಾದರೂ ಬಾಯಲ್ಲಿಟ್ಟು ಎಳೆಯಲೇಬೇಕು. ಸತ್ತವರು ಎಳೆಯುತ್ತಾರೆಯೇ? ಬದುಕಿದ್ದ ಮಗನೇ ಎಳೆಯಬೇಕು.

ಮೊದಲ ದಿನ ಬೆಳಿಗ್ಗೆ ಒಂದು, ಒಂದೇ ಎಳೆತ. ಎರಡನೇ ದಿನ ಕಿಟಕಿಯಿಂದ ಗಾಳಿ ಬರುತ್ತಿದೆ, ಆರಿಹೋದೀತು ಎಂದು ಭದ್ರತೆಗೆ ಇನ್ನೆರಡು ಎಳೆತ. ಮೂರನೇ ದಿನ ಮಧ್ಯಾಹ್ನವೂ ಅಪ್ಪನ ನೆನಪಾಯಿತು. ವಾರ ಕಳೆಯುವಷ್ಟರಲ್ಲಿ ಸಿಗರೇಟು ಬೂದಿ ಕುಂಡ ತಲುಪುವ ಹೊತ್ತಿಗೆ ಬೆರಳಿನ ಗೆಣ್ಣಿನಷ್ಟು ಉಳಿದಿರುತ್ತಿತ್ತು. ಸಿಗರೇಟು ಕೊಟ್ಟ ಮೇಲೆ ಊಟ ಕೊಡದಿದ್ದರೆ ಹೇಗೆ? ಸೋಯಾದಲ್ಲಿ ಬೇಯಿಸಿದ ಹಂದಿ ಮಾಂಸ ಅಂದ್ರೆ ಅಪ್ಪನಿಗೆ ಪ್ರಾಣವಾಗಿತ್ತು ಎಂದು ಹೆಂಡತಿಗೆ ಹೇಳಿದ. ಮಾವನ ಹೆಸರು ಬಂದಾಗ ಸೊಸೆ ಇಲ್ಲವೆನ್ನಲಾರಳು, ದಿನಾ ಒಂದು ಬಟ್ಟಲು ಬೇಯಿಸಿಟ್ಟಳು. ಊದುಬತ್ತಿ ಅರ್ಧ ಉರಿದರೆ ಸತ್ತವರ ಊಟ ಮುಗಿಯಿತೆಂದು ಲೆಕ್ಕ. ಆಮೇಲೆ ಎಡೆಯನ್ನು ಬಿಸಾಡಬಾರದು, ಬದುಕಿದ್ದವರು ತಿನ್ನಬೇಕು. ಆಫಾ ತಪ್ಪದೆ ತಿಂದ.

"ನಮ್ಮೆಜಮಾನ್ರಿಗೆ ಈಗೀಗ ಅಪ್ಪನ ಮೇಲೆ ಎಷ್ಟು ಭಕ್ತಿ ಬಂದಿದೆ ಗೊತ್ತಾ," ಎಂದು ಬಿಯುನ್ ಅಕ್ಕಪಕ್ಕದವರ ಮುಂದೆ ಹೇಳಿಕೊಂಡಳು. ಪಾಪ, ಅವಳಿಗೆ ಕಣ್ಣಲ್ಲಿ ನೀರೂ ಬಂದಿತ್ತಂತೆ.

ತಿಂಗಳ ಕೊನೆಗೆ ನರ್ಸು ಮತ್ತೆ ಊದಿಸಿದಳು. ಯಂತ್ರ ನೋಡಿ ಹುಬ್ಬು ಗಂಟಿಕ್ಕಿದಳು.

"ಸೇದ್ತಾ ಇದ್ದೀರಿ."

"ನನ್ನದಲ್ಲ ಸಿಸ್ಟರ್. ಅಪ್ಪಂದು."

"ಮನೇಲಿ ಅಪ್ಪ ಸೇದಿದ್ರೆ ನಿಮಗೂ ಹೊಗೆ ಹೋಗುತ್ತೆ. ಅವರನ್ನೂ ಕರ್ಕೊಂಡು ಬನ್ನಿ."

"ಅವರು ತೀರಿಹೋಗಿ ಮೂರು ವರ್ಷ ಆಯ್ತು."

ನರ್ಸು ಪೆನ್ನು ಕೆಳಗಿಟ್ಟಳು. ತೂಕವನ್ನೂ ನೋಡಿದಳು, ತೊಂಬತ್ಮೂರು. ಆಮೇಲೆ ಫೋನೆತ್ತಿ ಬಿಯುನ್‌ಗೆ ಕರೆ ಮಾಡಿದಳು. ಅಲ್ಲಿಗೆ ಗುಟ್ಟು ರಟ್ಟಾಯಿತು.

ಆಫಾ ಮನೆಗೆ ಬಂದಾಗ ಬಿಯುನ್ ಪೂಜೆ ಮೇಜಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಮಾವ ಬದುಕಿದ್ದಾಗ ದಿನಕ್ಕೆ ಹತ್ತು ಸೇದ್ತಿದ್ರು. ಸತ್ತ ಮೇಲೆ ಹದಿನೈದಕ್ಕೆ ಬಂದಿದಾರೆ. ಅಲ್ಲಿ ಅವರಿಗೆ ಅಷ್ಟೊಂದು ಚಿಂತೆ ಏನಂತೆ?"

ಆಫಾ ಬೂದಿ ಕುಂಡದಲ್ಲಿದ್ದ ಸಿಗರೇಟು ತುಂಡುಗಳನ್ನು ಬೆರಳಿನಿಂದ ಒಳಗೆ ಒತ್ತಿದ.

"ಕೊನೇ ವರ್ಷ ಅವರ ಬಾಯಲ್ಲಿ ನಾಲ್ಕು ಹಲ್ಲಿತ್ತು. ಗಂಜಿ ಕುಡೀತಿದ್ರು. ಈಗ ದಿನಾ ಒಂದು ಬಟ್ಟಲು ಹಂದಿ ಮಾಂಸ ಅಗೀತಾರಾ?"

"ಅಪ್ಪಂಗೆ ಬೇಕಾಗಿರುತ್ತೆ. ನಿನಗೇನ್ ಗೊತ್ತು?"

"ನನಗೆ ಗೊತ್ತಿಲ್ಲ. ಅವರನ್ನೇ ಕೇಳೋಣ," ಎಂದು ಬಿಯುನ್ ಮೇಜಿನ ಮೇಲಿಂದ ಎರಡು ಕೆಂಪು ಕಟ್ಟಿಗೆ ತುಂಡು ತೆಗೆದುಕೊಂಡಳು. ಅರ್ಧಚಂದ್ರದ ಆಕಾರ, ಒಂದು ಮೈ ಚಪ್ಪಟೆ, ಇನ್ನೊಂದು ಮೈ ಉಬ್ಬು. ಪ್ರಶ್ನೆ ಕೇಳಿ ನೆಲಕ್ಕೆ ಹಾಕಿದಾಗ ಒಂದು ಚಪ್ಪಟೆ ಒಂದು ಉಬ್ಬು ಮೇಲೆ ಬಂದರೆ ಹೌದು. ಎರಡೂ ಉಬ್ಬಾದರೆ ಇಲ್ಲ. ಎರಡೂ ಚಪ್ಪಟೆಯಾದರೆ ಮೇಲಿರುವವರು ನಗುತ್ತಿದ್ದಾರೆ ಎಂದು ಅರ್ಥ.

"ಮಾವ, ನಾನು ಬಿಯುನ್. ನಿಮಗಿಡೋ ಸಿಗರೇಟು ನೀವೇ ಸೇದ್ತಿದ್ದೀರಾ?"

ತುಂಡುಗಳು ನೆಲಕ್ಕೆ ಬಿದ್ದವು. ಎರಡೂ ಉಬ್ಬು. ಇಲ್ಲ.

"ಈ ಹಂದಿ ಮಾಂಸ ನಿಮಗೆ ಬೇಕಾ?"

ಎರಡೂ ಚಪ್ಪಟೆ. ಮಾವ ನಗುತ್ತಿದ್ದರು. ಬಿಯುನ್ ಇನ್ನೊಮ್ಮೆ ಕೇಳಿದಳು. ಇನ್ನೂ ನಗುತ್ತಿದ್ದರು. ಸತ್ತ ತಂದೆಯೇ ಹೀಗೆ ಸಾಕ್ಷಿ ನುಡಿದರೆ ಮಗನಾದವನು ಯಾರ ಹತ್ತಿರ ಹೇಳಿಕೊಳ್ಳಬೇಕು?

"ಮಾವ, ನಿಮ್ಮ ಮಗನ ಜೊತೆ ನೀವೂ ಸಿಗರೇಟು ಬಿಡ್ತೀರಾ?"

ಒಂದು ಚಪ್ಪಟೆ, ಒಂದು ಉಬ್ಬು.

"ಒಂದು ಸಲ ಬಂದ್ರೆ ಲೆಕ್ಕಕ್ಕಿಲ್ಲ," ಎಂದ ಆಫಾ. "ದೊಡ್ಡ ವಿಷಯಕ್ಕೆ ಸತತ ಮೂರು ಸಲ ಬರಬೇಕು. ಅದು ನಿಯಮ."

ಬಿಯುನ್ ಮತ್ತೆ ಹಾಕಿದಳು. ಹೌದು. ಮೂರನೆಯದಕ್ಕೆ ಕೈ ಸ್ವಲ್ಪ ಜೋರಾಯಿತು. ಒಂದು ತುಂಡು ಕಾಲ ಬಳಿ ಚಪ್ಪಟೆ ಮೈ ಮೇಲಾಗಿ ನಿಂತಿತು, ಇನ್ನೊಂದು ಜಾರಿಕೊಂಡು ಬೀರುವಿನ ಕೆಳಗೆ ಹೋಯಿತು. ಮುಟ್ಟದೆ ನೋಡಬೇಕು. ಬಿಯುನ್‌ಗೆ ಮಂಡಿ ನೋವು. ಆಫಾ ಅಂಗಾತ ಮಲಗಿ ನೋಡಿದ, ಕಾಣಲಿಲ್ಲ. ಬೋರಲು ಮಲಗಿದ, ಹೊಟ್ಟೆ ಅವನನ್ನು ತೊಟ್ಟಿಲ ಹಾಗೆ ಎತ್ತಿ ತೂಗಿತು. ಕೊನೆಗೆ ಪಕ್ಕಕ್ಕೆ ತಿರುಗಿ, ಕೆನ್ನೆ ನೆಲಕ್ಕೊತ್ತಿ, ಕೈಯನ್ನು ಬೀರುವಿನ ಕೆಳಗೆ ತೂರಿಸಿದ. ಧೂಳಿನ ಮಧ್ಯೆ ತುಂಡು ಕಂಡಿತು. ಉಬ್ಬು ಮೇಲೆ. ಮೂರನೇ ಹೌದು.

ಅದು ಅವನೊಬ್ಬನಿಗೇ ಕಾಣುತ್ತಿತ್ತು. ಬೆರಳ ತುದಿಯಿಂದ ಒಂದು ಚೂರು ತಳ್ಳಿದರೆ ಮಗುಚಿ ಬೀಳುತ್ತಿತ್ತು. ಎರಡೂ ಚಪ್ಪಟೆ, ಅಪ್ಪ ನಗ್ತಿದಾನೆ ಕಣೇ ಎಂದು ಹೇಳಿ ಏಳಬಹುದಿತ್ತು. ಬೆರಳು ಹತ್ತಿರಕ್ಕೂ ಹೋಯಿತು.

ಬೆರಳು ಅಲ್ಲೇ ನಿಂತಿತು. ಆಸ್ಪತ್ರೆಯ ಮಂಚದ ಮೇಲೆ ಅಪ್ಪ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು, "ನಾಳೆಯಿಂದ ಬಿಟ್ಬಿಡ್ತೀನಿ ಕಣೋ ಮಗ" ಎಂದದ್ದು ನೆನಪಾಯಿತು. ಆ ನಾಳೆ ಬರಲೇ ಇಲ್ಲ. ಅಪ್ಪ ಮಗ ಮಾತಾಡಿಕೊಂಡದ್ದೇ ಕಡಿಮೆ. ಸಂಜೆ ಬಾಲ್ಕನಿಯಲ್ಲಿ ಒಂದೇ ಕಡ್ಡಿಯಲ್ಲಿ ಇಬ್ಬರೂ ಹಚ್ಚಿಕೊಂಡು ಬಂದರಿನ ಹಡಗು ನೋಡುತ್ತ ನಿಲ್ಲುತ್ತಿದ್ದರು, ಅವರ ಮಾತುಕತೆ ಅಷ್ಟೇ. ಇಷ್ಟು ದಿನ ಅವನು ಸಿಗರೇಟಿನ ಆಸೆಗೆ ಸೇದಿದ್ದು ನಿಜ. ಆದರೆ ಪ್ರತಿ ಸಲ ಕಡ್ಡಿ ಗೀರಿದಾಗ ಪಕ್ಕದಲ್ಲಿ ಅಪ್ಪ ನಿಂತ ಹಾಗಾಗುತ್ತಿತ್ತು. ಅದು ತಪ್ಪಿಹೋಗುತ್ತದಲ್ಲ ಎಂದು ಅವನಿಗೆ ತುಂಬಾ ದುಃಖವಾಯಿತು.

"ಏನಾಯ್ತು, ನಿದ್ದೆ ಬಂತಾ?" ಎಂದಳು ಬಿಯುನ್ ಮೇಲಿನಿಂದ.

"ಹೌದು ಅಂತಿದೆ," ಎಂದ ಆಫಾ ಬೀರುವಿನ ಕೆಳಗಿನಿಂದ. "ಅಪ್ಪ ಬಿಟ್ಟ."

ಅವತ್ತಿನಿಂದ ಅಪ್ಪನಿಗೆ ಸೀಬೆಕಾಯಿ, ಸಕ್ಕರೆಯಿಲ್ಲದ ಚಹಾ. ಮಗನಿಗೂ ಅದೇ. ಹಬ್ಬಕ್ಕೆ ಐದು ವಾರ ಉಳಿದಿತ್ತು. ಬೆಳಿಗ್ಗೆ ಆರಕ್ಕೆ ಬಂದರಿನ ಚೌಕದಲ್ಲಿ ಹೆಂಗಸರು ಹಾಡು ಹಾಕಿಕೊಂಡು ಕುಣಿಯುತ್ತಾರೆ, ಬಿಯುನ್ ಅವನನ್ನು ಅಲ್ಲಿಗೆ ಎಳೆದುಕೊಂಡು ಹೋದಳು. ಹದಿನಾಲ್ಕು ಹೆಂಗಸರು, ಒಬ್ಬ ಆಫಾ. ಎಲ್ಲರೂ ಎಡಕ್ಕೆ ತಿರುಗಿದಾಗ ಇವನು ಬಲಕ್ಕೆ. ಎರಡು ಸಲ ಮೀನಂಗಡಿಯ ಹೆಂಗಸಿಗೆ ಡಿಕ್ಕಿ ಹೊಡೆದ ಮೇಲೆ ಅವನನ್ನು ಹಿಂದಿನ ಸಾಲಿಗೆ ಹಾಕಿದರು. ಅಲ್ಲಿಂದ ಮುಂದೆ ಅವನು ಡಿಕ್ಕಿ ಹೊಡೆಯಲು ವಿದ್ಯುತ್ ಕಂಬವೊಂದೇ ಉಳಿಯಿತು. ಕುಣಿತ ಮುಗಿದ ಮೇಲೆ ಖಾಲಿ ಸಿಲಿಂಡರ್ ಹೊತ್ತು ಗುಡ್ಡದ ಮೆಟ್ಟಿಲು, ಮೊದಲ ವಾರ ಒಂದು ಸಲ, ಆಮೇಲೆ ಮೂರು ಸಲ. ಮೂರನೇ ವಾರ ಪ್ಯಾಂಟಿನ ಗುಂಡಿ ಹಾಕಲು ಬಂತು. ನಾಲ್ಕನೇ ವಾರದಿಂದ ಬೆಳಗಿನ ಕೆಮ್ಮು ಕಾಣೆಯಾಯಿತು. ಗಂಟಲೂ ತಿಳಿಯಾಗಿ, ಅವನ ದನಿ ಫೋನಿನಲ್ಲಿ ಬೇರೆ ಯಾರದ್ದೋ ಅನ್ನಿಸುತ್ತಿತ್ತು.

ಹಬ್ಬದ ಹಿಂದಿನ ದಿನ ಬಂತು. ಬೆಳಿಗ್ಗೆಯೇ ವೆಂಗ್ ಅಜ್ಜಿ ಫೋನ್ ಮಾಡಿ ಗ್ಯಾಸ್ ಬೇಕೆಂದಿದ್ದಳು. ತಾವಕ್ಕ ಬಿದಿರು ಕುರ್ಚಿ ಬಿಟ್ಟು ಎದ್ದದ್ದನ್ನು ನೋಡಲು ಎದುರಿನ ಅಂಗಡಿಯವರು ಹೊರಗೆ ಬಂದರು.

"ನಾನೇ ಹಿಂದೆ ಬರ್ತೀನಿ. ನನ್ನ ಕಿವಿಗೆ ಮೋಸ ಮಾಡೋಕಾಗಲ್ಲ," ಎಂದಳು.

ಆಫಾ ಸಿಲಿಂಡರ್ ಹೆಗಲಿಗೇರಿಸಿ ಹೊರಟ. ಮೊದಲ ಮಹಡಿ, ಎರಡು, ಮೂರು. ಟೀಚರಮ್ಮನ ಬಾಗಿಲು ಸಣ್ಣಗೆ ತೆರೆದು ಫೋನೊಂದು ಇಣುಕಿತು. ಆಫಾ ನಿಲ್ಲಲಿಲ್ಲ. ನಾಲ್ಕು. ತೊಡೆ ಉರಿಯುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು, ಆದರೆ ಉಸಿರು ಸರಾಗವಾಗಿತ್ತು. ಐದು. ವೆಂಗ್ ಅಜ್ಜಿಯ ಕಬ್ಬಿಣದ ಬಾಗಿಲು ಮುಚ್ಚಿತ್ತು.

ಇದು ಎಂದೂ ಆಗಿರಲಿಲ್ಲ. ಅವನು ಮೇಲೆ ಬರುವ ಹೊತ್ತಿಗೆ ಅಜ್ಜಿ ಬಾಗಿಲು ತೆರೆದು ನಿಂತಿರುತ್ತಿದ್ದಳು. ಕರೆಗಂಟೆ ಕೆಟ್ಟು ಯಾವ ಕಾಲವಾಯಿತೋ. ಆಫಾ ಚಪ್ಪಲಿ ಕಾಲಿನಿಂದ ಬಾಗಿಲು ಬಡಿದ.

"ಯಾರು?" ಒಳಗಿನಿಂದ ಅಜ್ಜಿ.

"ನಾನಜ್ಜಿ, ಗ್ಯಾಸು."

"ಸುಳ್ಳು. ಗ್ಯಾಸಿನವನು ಎರಡನೇ ಮಹಡಿಯಿಂದ ಕೆಮ್ಮಿಕೊಂಡು ಬರ್ತಾನೆ. ಅವನ ಕೆಮ್ಮು ಕೇಳಿದ ಮೇಲೇ ನಾನು ಹಲ್ಲು ಸೆಟ್ಟು ಹಾಕ್ಕೊಳ್ಳೋದು."

"ಅಜ್ಜಿ, ನಾನೇ ಆಫಾ."

"ಆಫಾನ ದನಿ ಹೀಗಿಲ್ಲ. ಹೋದ ತಿಂಗಳೂ ಒಬ್ಬ ಗ್ಯಾಸ್ ಪರೀಕ್ಷೆ ಅಂತ ಬಂದು ಪಕ್ಕದ ಮನೆಯವಳಿಗೆ ದುಬಾರಿ ಬೆಲೆಗೆ ರಬ್ಬರ್ ಪೈಪು ಮಾರಿ ಹೋದ. ಪೊಲೀಸಿನವರು ಕಾಗದ ಅಂಟಿಸಿದಾರೆ, ಯಾರಿಗೂ ಬಾಗಿಲು ತೆಗೀಬೇಡಿ ಅಂತ. ನೀನು ಆಫಾ ಆದ್ರೆ ಎಲ್ಲಿ, ಕೆಮ್ಮು ನೋಡೋಣ."

ಆಫಾ ಮೆಟ್ಟಿಲ ಕಡೆ ನೋಡಿದ. ಕೆಳಗೆ ಮೂರನೇ ಮಹಡಿಯಲ್ಲಿ ತಾವಕ್ಕನ ಚಪ್ಪಲಿ ಸದ್ದು ನಿಂತಿತ್ತು, ಕಿವಿಗೊಟ್ಟು ಕೇಳುತ್ತಿದ್ದಾಳೆ. ಕೆಮ್ಮಿದರೆ ಬಾಗಿಲು ತೆರೆಯುತ್ತದೆ, ಕೆಲಸ ಹೋಗುತ್ತದೆ. ಸಿಲಿಂಡರ್ ಕೆಳಗಿಟ್ಟರೂ ಹೋಗುತ್ತದೆ. ಹಾಗೇ ನಿಂತ. ಬೇಡಿಕೊಂಡ. ಅಜ್ಜಿಯ ಮಗಳ ಹೆಸರು ಹೇಳಿದ, ತನ್ನ ಅಪ್ಪನ ಹೆಸರು ಹೇಳಿದ.

"ಈಗಿನ ಮೋಸಗಾರರಿಗೆ ಎಲ್ಲರ ಹೆಸರೂ ಗೊತ್ತಿರುತ್ತೆ," ಎಂದಳು ಅಜ್ಜಿ.

ಹೀಗೆ ಐದು ನಿಮಿಷ. ಮೂವತ್ತಾರು ಕಿಲೋ ಹೆಗಲ ಮೇಲಿಟ್ಟುಕೊಂಡು ಐದು ನಿಮಿಷ ಒಂದೇ ಕಡೆ ನಿಂತು ನೋಡಿ, ಆಗ ಗೊತ್ತಾಗುತ್ತದೆ. ಅಷ್ಟರಲ್ಲಿ ತಾವಕ್ಕ, ಮೇಲೆ ಏನು ನಡೆಯುತ್ತಿದೆ ಎಂಬ ಕುತೂಹಲ ತಡೆಯಲಾರದೆ, ಉಳಿದ ಮೆಟ್ಟಿಲು ಹತ್ತತೊಡಗಿದಳು. ನಾಲ್ಕನೇ ಮಹಡಿಯ ಹತ್ತಿರ ಕಂಬಿ ಹಿಡಿದುಕೊಂಡಳು. ಹತ್ತು ವರ್ಷದ ಕಡಲೆಕಾಯಿ ಮಿಠಾಯಿ ಒಟ್ಟಿಗೆ ಮೇಲೆ ಬಂದ ಹಾಗೆ ಅವಳಿಗೆ ಕೆಮ್ಮು ಬಂತು. ಇಡೀ ಕಟ್ಟಡಕ್ಕೆ ಕೇಳುವಂಥ ಕೆಮ್ಮು. ಕೆಮ್ಮುತ್ತ, ನಿಂತು, ಏದುಸಿರು ಬಿಟ್ಟು, ಮತ್ತೆ ಕೆಮ್ಮಿದಳು.

ಒಳಗೆ ಅಗುಳಿ ಸರಿಯಿತು. "ಹಾಂ, ಈಗ ಬಂದ ನೋಡು ಗ್ಯಾಸಿನವನು," ಎನ್ನುತ್ತ ಅಜ್ಜಿ ಹಲ್ಲು ಸೆಟ್ಟು ಸರಿಮಾಡಿಕೊಂಡು ಬಾಗಿಲು ತೆರೆದಳು.

ಆಫಾ ಒಳಗೆ ಹೋಗಿ, ಒಲೆಯ ಪಕ್ಕ ಸಿಲಿಂಡರ್ ಇಳಿಸಿದ. ಹಿಂದೆಯೇ ತಾವಕ್ಕ ತೆವಳಿದ ಹಾಗೆ ಬಂದು ಅಜ್ಜಿಯ ಕುರ್ಚಿಯಲ್ಲಿ ಕುಸಿದಳು. ಏನೋ ಹೇಳಲು ಬಾಯಿ ತೆರೆದಳು, ಕೆಮ್ಮೇ ಬಂತು.

"ನೀನು ಸಿಗರೇಟು ಬಿಡಬೇಕಮ್ಮ," ಎಂದು ಅಜ್ಜಿ ಅವಳಿಗೆ ನೀರು ಕೊಟ್ಟಳು.

ತಾವಕ್ಕ ಜೀವಮಾನದಲ್ಲಿ ಸಿಗರೇಟು ಮುಟ್ಟಿದವಳಲ್ಲ. ನೀರು ಕುಡಿದು, ಆಫಾನ ಕಡೆ ಕೈಯಾಡಿಸಿ, "ಗಾಡಿ ನಿಂದೇ, ಇಟ್ಕೋ ಮಾರಾಯ. ನನ್ನನ್ನ ಹೇಗಾದ್ರೂ ಕೆಳಗಿಳಿಸು," ಎಂದಳು.

ಅಜ್ಜಿ ಆಫಾನ ಹತ್ತಿರ ಬಂದು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು.

"ನೀನೇ ಕಣೋ ಮಗಾ. ನಿಮ್ಮಪ್ಪ ಮೂವತ್ತು ವರ್ಷ ಈ ಮೆಟ್ಟಿಲ ಮೇಲೆ ಕೆಮ್ಮಿಕೊಂಡು ಬಂದ. ಒಂದು ದಿನ ಗ್ಯಾಸ್ ಬಂತು, ಕೆಮ್ಮು ಬರಲಿಲ್ಲ. ಬಾಗಿಲು ತೆಗೆದ್ರೆ ಬೇರೆ ಯಾವನೋ ನಿಂತಿದ್ದ, ನಿಮ್ಮಪ್ಪ ಹೋದ ಅಂದ. ಇವತ್ತು ನಿನ್ನ ಕೆಮ್ಮೂ ಬರಲಿಲ್ಲ. ಮೋಸಗಾರರಿಗೆ ನಾನು ಹೆದರೋಳಾ? ಬಾಗಿಲು ತೆಗೆಯೋಕೇ ಭಯ ಆಯ್ತು."

ಆಫಾ ಅಜ್ಜಿಯ ಕೈಯನ್ನು ಹಿಡಿದುಕೊಂಡು ನಿಂತ.

ಮಾರನೇ ದಿನ ಗುಡ್ಡದ ಸಮಾಧಿ ಗುಡಿಸಿ, ಅಪ್ಪನ ಮುಂದೆ ಸೀಬೆಕಾಯಿ ಹೆಚ್ಚಿಟ್ಟು, ವೆಂಗ್ ಅಜ್ಜಿ ನಿನ್ನನ್ನ ಕೇಳ್ತಿದ್ರು ಅಪ್ಪ ಎಂದು ಹೇಳಿದ. ಹಂದಿ ಮಾಂಸವನ್ನೂ ಬಿಯುನ್ ಒಂದು ಬಟ್ಟಲು ತಂದಿದ್ದಳು, ಹಬ್ಬವಲ್ಲವೇ.

ಈಗ ಆಫಾ ಆ ಕಟ್ಟಡಕ್ಕೆ ಹೋದರೆ ಎರಡನೇ ಮಹಡಿಯಲ್ಲಿ, ಸಿಲಿಂಡರ್ ಹೆಗಲ ಮೇಲಿರುವಂತೆಯೇ, ತಲೆಯೆತ್ತಿ ಕೂಗುತ್ತಾನೆ: "ಅಜ್ಜೀ, ನಾನಿನ್ನೂ ಇದೀನಿ."

ಮೇಲಿನಿಂದ ಅಜ್ಜಿಯ ಬೊಚ್ಚು ಬಾಯಿಯ ದನಿ ಕೇಳುತ್ತದೆ: "ನಾನೂ ಇದೀನಿ, ತಡಿಯೋ. ಹಲ್ಲು ಹುಡುಕ್ತಿದೀನಿ."